ಆಮೆಮರಿಯ ಮನೆ: ಬಿಸಿಯೊಂದೇ ಸಾಲದು

ಮುಂಗಾರಿನ ಎರಡು ಮೂರು ಹದಮಳೆಗಳು ಬಿದ್ದು, ಕಡಲೆಕಾಯಿ ಬಿತ್ತನೆಗೆ ನೆಲ ಅಣಿಯಾಗುವ ಹೊತ್ತಿಗೆ ನಮ್ಮ ಮಡಕಶಿರಾ, ರಾಯದುರ್ಗ ಸೀಮೆಯ ಹೊಲದ ಬದುಗಳಲ್ಲಿ ಒಬ್ಬ ನಿಧಾನಗತಿಯ ಅತಿಥಿ ಕಾಣಿಸಿಕೊಳ್ಳುವುದುಂಟು. ಕಪ್ಪು ಚಿಪ್ಪಿನ ಮೇಲೆ ಹಳದಿ ಗೆರೆಗಳು ಕಿರಣಗಳಂತೆ ಹರಡಿರುವುದರಿಂದ ಅದಕ್ಕೆ ನಕ್ಷತ್ರ ಆಮೆ ಎಂದು ಹೆಸರು. ತೆಲುಗಿನ ನೆರೆಯವರು ಆಮೆಗೆಲ್ಲ ತಾಬೇಲು ಎನ್ನುತ್ತಾರೆ. ಕೆರೆಬಾವಿಗಳ ಆಮೆಯಂತೆ ಇದು ನೀರಿನಲ್ಲಿ ಬಾಳುವ ಜೀವಿಯಲ್ಲ. ನೆಲದ ಮೇಲೆ ಹುಟ್ಟಿ, ನೆಲದ ಮೇಲೆ ಮೇದು, ನೆಲದ ಮೇಲೆಯೇ ಬಾಳು ಮುಗಿಸುವಂಥದು. ರಾಜಸ್ಥಾನ ಮತ್ತು ಗುಜರಾತಿನ ಒಣಭೂಮಿ, ಆಂಧ್ರ, ಕರ್ನಾಟಕ, ತಮಿಳುನಾಡುಗಳ ಕುರುಚಲು ಕಾಡು, ಸಮುದ್ರದಾಚೆಯ ಶ್ರೀಲಂಕೆ ಇವೆಲ್ಲ ಅದರ ತವರು.

ಅಂಗೈಯೊಳಗೆ ಅಡಗುವಷ್ಟು ಚಿಕ್ಕ ಮರಿಯೊಂದು ಸಿಕ್ಕಿತೆಂದರೆ ಮಕ್ಕಳ ಸಂಭ್ರಮಕ್ಕೆ ಮಿತಿಯಿರುವುದಿಲ್ಲ. ಅದನ್ನು ಮನೆಗೆ ತರುತ್ತಾರೆ. ರಟ್ಟಿನ ಪೆಟ್ಟಿಗೆಯಲ್ಲಿ ಹಳೆಯ ಪತ್ರಿಕೆ ಹಾಸಿ, ಮೇಲೊಂದು ವಿದ್ಯುದ್ದೀಪವನ್ನು ಇಳಿಬಿಟ್ಟು, ಒಂದು ಮೂಲೆಗೆ ಸೊಪ್ಪು ಹಾಕುತ್ತಾರೆ. “ಒಣನಾಡಿನ ಪ್ರಾಣಿಯಲ್ಲವೇ, ಬೆಚ್ಚಗಿದ್ದರೆ ಸಾಕು” ಎಂದು ಹಿರಿಯರೂ ತಲೆಯಾಡಿಸುತ್ತಾರೆ. ಈ ಮಾತು ಅರ್ಧ ಮಾತ್ರ ಸತ್ಯ. ಆ ಅರ್ಧ ಸತ್ಯವೇ ಲೋಕದ ಹಲವೆಡೆ ಅದೆಷ್ಟೋ ಆಮೆಮರಿಗಳ ಬೆನ್ನನ್ನು ವಿಕಾರಗೊಳಿಸಿದೆ. ಒಳಾಂಗಣದಲ್ಲಿ ಬೆಳೆಯುವ ಆಮೆಮರಿಗೆ ಬಿಸಿ ಎಷ್ಟು ಬೇಕು, ಪಸೆ ಎಷ್ಟು ಬೇಕು, ಅವೆರಡರ ನಂಟೇನು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ವಿಷಯಕ್ಕೆ ಬರುವ ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಬೇಕು. ನಮ್ಮ ದೇಶದಲ್ಲಿ ನಕ್ಷತ್ರ ಆಮೆಯನ್ನು ಹಿಡಿಯುವುದು, ಮನೆಯಲ್ಲಿ ಸಾಕುವುದು, ಮಾರುವುದು, ಕೊಳ್ಳುವುದು ಇವೆಲ್ಲವೂ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ. ಆದ್ದರಿಂದ ಮುಂದೆ ಬರುವ ಅಳತೆಗಳೂ ವಿಧಾನಗಳೂ ಮೃಗಾಲಯಗಳಿಗೆ, ಕಳ್ಳಸಾಗಣೆದಾರರ ಕೈಯಿಂದ ಬಿಡಿಸಿ ತಂದ ಮರಿಗಳನ್ನು ಸಲಹುವ ರಕ್ಷಣಾ ಕೇಂದ್ರಗಳಿಗೆ, ಮತ್ತು ಬಂಧನದಲ್ಲಿಯೇ ಹುಟ್ಟಿದ ಬೇರೆ ಜಾತಿಯ ಆಮೆಗಳನ್ನು ಸಾಕಲು ಕಾನೂನು ಅನುಮತಿಸುವ ಹೊರದೇಶಗಳ ಪಾಲಕರಿಗೆ ಸಂಬಂಧಿಸಿದವು. ಹಾಗಿದ್ದರೆ ನಮಗೇಕೆ ಈ ತಿಳಿವಳಿಕೆ ಎಂದು ಓದುಗರು ಕೇಳಬಹುದು. ಈ ಪುಟ್ಟ ಜೀವಿಗೆ ಏನೇನು ಬೇಕೆಂದು ಅರಿತ ಮನೆಯವರು ಅದನ್ನು ಪೆಟ್ಟಿಗೆಯಲ್ಲಿ ಇಡಲು ಮನಸ್ಸು ಮಾಡಲಾರರು ಎಂಬುದೇ ನನ್ನ ಉತ್ತರ.

ಹೊಲದ ಬದುವಿನ ಗುಟ್ಟು

ಅನಂತಪುರ ಪ್ರಾಂತ ಮಳೆ ಕಡಿಮೆ ಬೀಳುವ ಸೀಮೆ. ವರ್ಷಕ್ಕೆ ಸರಾಸರಿ ೫೫೦ ಮಿಲಿಮೀಟರಿನಷ್ಟು ಮಾತ್ರ. ಇಂಥ ನೆಲದಲ್ಲಿ ಹುಟ್ಟುವ ಆಮೆಗೆ ಪಸೆಯ ಅಗತ್ಯವಿದೆ ಎಂದರೆ ನಂಬುವುದು ಕಷ್ಟ. ತರಗತಿಯಲ್ಲಿ ಈ ಮಾತು ಬಂದಾಗ ಹುಡುಗನೊಬ್ಬ, “ಸಾರ್, ನಮ್ಮ ಹೊಲದಲ್ಲಿ ಕುಡಿಯಲು ನೀರಿಲ್ಲ, ಆಮೆಗೆ ಪಸೆ ಎಲ್ಲಿಂದ ಬರುತ್ತದೆ?” ಎಂದು ಕೇಳಿದ. ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ಉತ್ತರ ಪುಸ್ತಕದಲ್ಲಿ ಹುಡುಕಬೇಕಾಗಿಲ್ಲ. ಬೆಳಗಿನ ಜಾವ ತಂಗಡಿ ಗಿಡದ ಬುಡದಲ್ಲಿ ಬಿದ್ದ ತರಗನ್ನು ಸರಿಸಿ ಬೆರಳಿಟ್ಟು ನೋಡಿದರೆ ಸಾಕು. ಮೇಲಿನ ಮಣ್ಣು ಪುಡಿಯಾಗಿರುತ್ತದೆ; ಎರಡು ಬೆರಳು ಆಳದಲ್ಲಿ ತಂಪು ತಗಲುತ್ತದೆ.

ಆಮೆಮರಿ ತನ್ನ ದಿನದ ಬಹುಪಾಲನ್ನು ಕಳೆಯುವುದು ಇಂಥ ಮರೆಯಲ್ಲಿಯೇ. ಬೆಳಗಿನ ಎಳೆಬಿಸಿಲಿಗೆ ಹೊರಬಂದು ಮೈ ಕಾಯಿಸಿಕೊಂಡು, ಚಿಗುರು ಮೇದು, ಬಿಸಿಲೇರಿದಂತೆ ಪೊದೆಯ ಬುಡಕ್ಕೆ ಸರಿದು ಅರ್ಧ ಮಣ್ಣಿನಲ್ಲಿ ಹುದುಗುತ್ತದೆ. ಸಂಜೆ ಮತ್ತೆ ಹೊರಗೆ ಬರುತ್ತದೆ. ನಾವು ನಿಂತು ಉಸಿರಾಡುವ ಗಾಳಿಗೂ, ನೆಲಕ್ಕಂಟಿ ಪೊದೆಯೊಳಗೆ ನಿಂತಿರುವ ಗಾಳಿಗೂ ಬಹಳ ಅಂತರವುಂಟು. ಹವಾಮಾನ ಇಲಾಖೆಯ ಅಂಕೆಗಳು ಊರಿನ ಗಾಳಿಯನ್ನು ಹೇಳುತ್ತವೆ. ಪೊದೆಯ ಬುಡದ ಗಾಳಿಯನ್ನು ಹೇಳುವುದಿಲ್ಲ.

ಇನ್ನೂ ಒಂದು ಸಂಗತಿಯಿದೆ. ಹೆಣ್ಣು ಆಮೆ ನೆಲ ಬಗೆದು, ತನ್ನ ಮೈಯೊಳಗಿನ ನೀರಿನಿಂದ ಮಣ್ಣನ್ನು ಮೆತ್ತಗೆ ಮಾಡಿ ಮೊಟ್ಟೆಯಿಡುತ್ತದೆ. ಮರಿಗಳು ಮಣ್ಣನ್ನು ಸೀಳಿ ಮೇಲೆ ಬರುವುದು ಹೆಚ್ಚಾಗಿ ಮಳೆಯ ದಿನಗಳಲ್ಲಿ. ಮೊದಲ ತಿಂಗಳುಗಳಲ್ಲಿ, ಅಂದರೆ ಚಿಪ್ಪು ಬೇಗ ಬೇಗನೆ ಬೆಳೆಯುವ ಕಾಲದಲ್ಲಿ, ಅದರ ಸುತ್ತ ಹಸಿರೂ ತೇವವೂ ಇರುತ್ತವೆ. ದೊಡ್ಡ ಆಮೆ ಸಹಿಸಿಕೊಳ್ಳುವ ಒಣಹವೆಯನ್ನು ಮರಿ ಸಹಿಸಲಾರದು. ಬಾಣಂತಿಮನೆಯ ಕೂಸಿಗೂ ಹೊಲದಲ್ಲಿ ದುಡಿಯುವ ತಂದೆಗೂ ಒಂದೇ ಹವೆ ಹಿಡಿಸುವುದಿಲ್ಲವಷ್ಟೆ.

ಚಿಪ್ಪಿನ ಮೇಲೆ ಏಳುವ ಗೋಪುರಗಳು

ಆಮೆಯ ಚಿಪ್ಪು ಹೊರಗಿನಿಂದ ಹೊದಿಸಿದ ಪೆಟ್ಟಿಗೆಯಲ್ಲ. ಅದರ ಬೆನ್ನೆಲುಬೂ ಪಕ್ಕೆಲುಬುಗಳೂ ಸೇರಿ ಆದ ಜೀವಂತ ಅಂಗ. ಒಳಗೆ ಮೂಳೆ, ಮೇಲೆ ನಮ್ಮ ಉಗುರಿನಲ್ಲಿರುವಂಥ ಕೆರಾಟಿನ್ ಎಂಬ ವಸ್ತುವಿನ ಫಲಕಗಳು. ಮರಿ ಬೆಳೆದಂತೆ ಪ್ರತಿ ಫಲಕದ ಅಂಚಿನಲ್ಲಿ ಹೊಸ ಕೆರಾಟಿನ್ನಿನ ಪಟ್ಟಿ ಸೇರುತ್ತ ಹೋಗುತ್ತದೆ. ಈ ಬೆಳವಣಿಗೆ ಸಮನಾಗಿದ್ದರೆ ಚಿಪ್ಪು ದುಂಡಗೆ, ನಯವಾಗಿ ಬೆಳೆಯುತ್ತದೆ. ಸಮತೋಲ ತಪ್ಪಿದರೆ ಒಂದೊಂದು ಫಲಕವೂ ಚಿಕ್ಕ ಗೋಪುರದಂತೆ ಮೇಲೇಳುತ್ತದೆ. ನಕ್ಷತ್ರ ಆಮೆಯಲ್ಲಿ ಫಲಕಗಳು ತುಸು ಉಬ್ಬಿರುವುದು ಸಹಜವೇ. ಕಾಡಿನ ಆಮೆಗಳಲ್ಲಿಯೂ ಅದನ್ನು ಕಾಣಬಹುದು. ಆದರೆ ಬಂಧನದಲ್ಲಿ ಬೆಳೆದ ಮರಿಗಳಲ್ಲಿ ಇದು ವಿಪರೀತಕ್ಕೆ ಹೋಗುತ್ತದೆ. ಒಮ್ಮೆ ಎದ್ದ ಗೋಪುರ ಮತ್ತೆ ಇಳಿಯುವುದಿಲ್ಲ. ಪರಿಸರ ಸುಧಾರಿಸಿದರೆ ಮುಂದಿನ ಬೆಳವಣಿಗೆ ಸರಿಹೋದೀತು; ಹಿಂದಿನದು ಜೀವನಪರ್ಯಂತ ಉಳಿಯುತ್ತದೆ.

ಇದಕ್ಕೆ ಕಾರಣವೇನೆಂಬುದು ಬಹುಕಾಲ ಚರ್ಚೆಯಲ್ಲಿತ್ತು. ಆಹಾರದಲ್ಲಿ ಸಸಾರಜನಕ ಹೆಚ್ಚಾದುದೇ ಕಾರಣವೆಂದು ಅನೇಕರು ನಂಬಿದ್ದರು. ಆಸ್ಟ್ರಿಯಾ ದೇಶದ ವಿಯೆನ್ನಾದಲ್ಲಿ ವೀಸ್ನರ್ ಮತ್ತು ಇಬೆನ್ ಎಂಬ ವಿಜ್ಞಾನಿಗಳು ಈ ನಂಬಿಕೆಯನ್ನು ಪರೀಕ್ಷೆಗೆ ಒಡ್ಡಿದರು. ಅವರು ಆರಿಸಿಕೊಂಡದ್ದು ಆಫ್ರಿಕಾದ ಸುಲ್ಕಾಟಾ ಆಮೆ. ಸಹಾರಾ ಮರುಭೂಮಿಯ ದಕ್ಷಿಣದ ಅಂಚಿನಲ್ಲಿ ಬಾಳುವಂಥದು. ಐವತ್ತು ಮರಿಗಳನ್ನು ಐದು ಗುಂಪು ಮಾಡಿ, ಐದು ತಿಂಗಳ ಕಾಲ ಗಾಳಿಯ ಆರ್ದ್ರತೆಯನ್ನೂ ಆಹಾರದ ಸಸಾರಜನಕವನ್ನೂ ಬದಲಿಸಿ ಬೆಳೆಸಿದರು. ೨೦೦೩ರಲ್ಲಿ ಪ್ರಕಟವಾದ ಫಲಿತಾಂಶ ಹಲವರ ಕಣ್ಣು ತೆರೆಸಿತು. ಒಣಗಾಳಿಯಲ್ಲಿ ಬೆಳೆದ ಮರಿಗಳ ಗೋಪುರಗಳು ಎತ್ತರವಾಗಿದ್ದವು. ಶೇಕಡಾ ೪೫ರಿಂದ ೯೯ರವರೆಗಿನ ಆರ್ದ್ರತೆಯಲ್ಲಿ ಬೆಳೆದವುಗಳ ಬೆನ್ನು ಹೋಲಿಕೆಯಲ್ಲಿ ನಯವಾಗಿತ್ತು. ಸಸಾರಜನಕದ ಪ್ರಭಾವ ಅಲ್ಪವಾಗಿತ್ತು.

ಮರುಭೂಮಿಯ ಅಂಚಿನ ಪ್ರಾಣಿಗೇ ಹೀಗೇಕೆ? ಸುಲ್ಕಾಟಾ ಆಮೆ ಬಿಸಿಲಿನಲ್ಲಿ ಬಾಳುವುದಿಲ್ಲ, ಬಿಲದಲ್ಲಿ ಬಾಳುತ್ತದೆ. ಆಳವಾದ ಆ ಬಿಲದ ಗಾಳಿಯಲ್ಲಿ ಮಣ್ಣಿನ ಪಸೆ ತುಂಬಿರುತ್ತದೆ. ನಮ್ಮ ಆಮೆಮರಿಗೆ ತಂಗಡಿಯ ಬುಡ ಹೇಗೋ ಅದಕ್ಕೆ ಬಿಲ ಹಾಗೆ.

ಒಣಗಾಳಿಯ ಕೇಡು ಚಿಪ್ಪಿಗಷ್ಟೇ ನಿಲ್ಲುವುದಿಲ್ಲ. ನೀರನ್ನು ಉಳಿಸಿಕೊಳ್ಳುವ ಸಲುವಾಗಿ ಆಮೆ ತನ್ನ ಕಶ್ಮಲವನ್ನು ಯೂರಿಕ್ ಆಮ್ಲದ ಬಿಳಿಯ ಗಟ್ಟಿಯಾಗಿ ಹೊರಹಾಕುತ್ತದೆ. ಮೈಯ ನೀರು ಬತ್ತಿದರೆ ಅದು ಮೂತ್ರಾಶಯದಲ್ಲಿಯೇ ಉಳಿದು ಕಲ್ಲಾಗುವುದುಂಟು. ಹೊರಗೆ ಕಾಣದ ಈ ವ್ಯಾಧಿ ಬೆನ್ನಿನ ವಿಕಾರಕ್ಕಿಂತ ಘೋರವಾದುದು.

ಬಿಸಿ ಏರಿದರೆ ಗಾಳಿ ಒಣಗುವುದೇಕೆ?

ಇಲ್ಲಿ ಸ್ವಲ್ಪ ಭೌತಶಾಸ್ತ್ರ ಬೇಕಾಗುತ್ತದೆ. ಒಂದು ಘನಮೀಟರ್ ಗಾಳಿ ೨೦ ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಹೆಚ್ಚೆಂದರೆ ಸುಮಾರು ೧೭ ಗ್ರಾಂ ನೀರಾವಿಯನ್ನು ಹಿಡಿದುಕೊಳ್ಳಬಲ್ಲದು. ೩೦ ಡಿಗ್ರಿಯಲ್ಲಿ ಸುಮಾರು ೩೦ ಗ್ರಾಂ. ಬಿಸಿಯಾದ ಗಾಳಿಯ ಬಟ್ಟಲು ದೊಡ್ಡದು ಎಂದು ಭಾವಿಸಬಹುದು. ಒಂದು ಕೋಣೆಯ ಗಾಳಿಯಲ್ಲಿ ೧೦ ಗ್ರಾಂ ನೀರಾವಿಯಿದೆ ಎನ್ನೋಣ. ೨೦ ಡಿಗ್ರಿಯಲ್ಲಿ ಅದರ ಸಾಪೇಕ್ಷ ಆರ್ದ್ರತೆ ಶೇಕಡಾ ೬೦ರ ಸಮೀಪ. ಅದೇ ಗಾಳಿಯನ್ನು ದೀಪದಿಂದ ೩೦ ಡಿಗ್ರಿಗೆ ಕಾಯಿಸಿದರೆ ನೀರು ಒಂದು ಹನಿಯೂ ಕಡಿಮೆಯಾಗದೆ ಆರ್ದ್ರತೆ ಶೇಕಡಾ ೩೩ಕ್ಕೆ ಇಳಿಯುತ್ತದೆ. ಬಟ್ಟಲು ದೊಡ್ಡದಾಯಿತು, ನೀರು ಅಷ್ಟೇ ಉಳಿಯಿತು. ಬಾಯಾರಿದ ಆ ಗಾಳಿ ಸುತ್ತಲಿನ ತೇವವನ್ನೆಲ್ಲ ಹೀರತೊಡಗುತ್ತದೆ. ಮರಿಯ ಮೈಯ ನೀರನ್ನೂ ಬಿಡುವುದಿಲ್ಲ.

ಶೀತದೇಶಗಳಲ್ಲಿ ಈ ತೊಂದರೆ ಇನ್ನೂ ಹೆಚ್ಚು. ಸೊನ್ನೆ ಡಿಗ್ರಿಯ ಗಾಳಿಯಲ್ಲಿ ೫ ಗ್ರಾಂ ನೀರಾವಿ ಇದ್ದರೆ ಅದೇ ತುಂಬು ಪ್ರಮಾಣ. ಆ ಗಾಳಿ ಮನೆಯೊಳಗೆ ಬಂದು ೨೮ ಡಿಗ್ರಿಗೆ ಕಾದಾಗ ಅದರ ಆರ್ದ್ರತೆ ಶೇಕಡಾ ೨೦ನ್ನು ಕೂಡ ಮುಟ್ಟುವುದಿಲ್ಲ. ತೆರೆದ ತೊಟ್ಟಿಯ ಮೇಲೆ ಪ್ರಖರ ದೀಪವನ್ನು ತೂಗುಬಿಟ್ಟು ಆಮೆ ಸಾಕುವ ಪದ್ಧತಿ ಯುರೋಪ್, ಅಮೆರಿಕಗಳಲ್ಲಿ ಬಹುಕಾಲ ನಡೆಯಿತು. ಅಲ್ಲಿಯ ಆಮೆಗಳ ಬೆನ್ನಿನ ಮೇಲಿನ ಗೋಪುರಗಳಿಗೆ ಕಾರಣ ಇದರಿಂದ ಬಹುಮಟ್ಟಿಗೆ ಅರ್ಥವಾಗುತ್ತದೆ.

ರಕ್ಷಣಾ ಕೇಂದ್ರದ ತೊಟ್ಟಿ ಹೇಗಿರಬೇಕು?

ಅನುಭವಿ ಪಾಲಕರೂ ಪಶುವೈದ್ಯರೂ ಅನುಸರಿಸುವ ಕ್ರಮದ ಸಾರ ಹೀಗಿದೆ. ತೊಟ್ಟಿ ಮೇಲಿನಿಂದ ಬಹುಪಾಲು ಮುಚ್ಚಿರಬೇಕು. ಬಿಸಿಯೂ ಪಸೆಯೂ ಒಟ್ಟಿಗೆ ಉಳಿಯುವುದು ಹಾಗಿದ್ದರೆ ಮಾತ್ರ. ಒಂದು ತುದಿಯಲ್ಲಿ ಮೈ ಕಾಯಿಸಿಕೊಳ್ಳುವ ತಾವು; ಅಲ್ಲಿ ೩೨ರಿಂದ ೩೫ ಡಿಗ್ರಿ. ಇನ್ನೊಂದು ತುದಿ ತಂಪಾಗಿ, ೨೬ ಡಿಗ್ರಿಯ ಆಸುಪಾಸಿನಲ್ಲಿ. ಆಮೆ ತನ್ನ ಮೈಯ ಉಷ್ಣತೆಯನ್ನು ತಾನೇ ಉತ್ಪಾದಿಸಲಾರದ ಪ್ರಾಣಿ. ಬಿಸಿಗೂ ತಂಪಿಗೂ ನಡೆದಾಡಿ ಅದನ್ನು ಹೊಂದಿಸಿಕೊಳ್ಳುತ್ತದೆ. ನಡೆದಾಡಲು ಎರಡು ತುದಿಗಳಿಲ್ಲದಿದ್ದರೆ ಬೇಯಬೇಕು, ಇಲ್ಲವೆ ಜಡವಾಗಿ ಬಿದ್ದಿರಬೇಕು. ರಾತ್ರಿಯೂ ಮರಿಯ ಮನೆ ೨೪ ಡಿಗ್ರಿಗಿಂತ ಕೆಳಗಿಳಿಯದಿರುವುದು ಲೇಸು. ಬೆಳಕು ಬೀರದೆ ಬಿಸಿಯನ್ನಷ್ಟೇ ಕೊಡುವ ಪಿಂಗಾಣಿಯ ಕಾಯಕಗಳು ರಾತ್ರಿಗೆ ಒದಗುತ್ತವೆ. ಉಷ್ಣತೆ ಏರಿದಾಗ ವಿದ್ಯುತ್ತನ್ನು ತಾನಾಗಿಯೇ ಕಡಿಯುವ ಥರ್ಮೋಸ್ಟಾಟ್ ಇಲ್ಲದೆ ಇವನ್ನು ಬಳಸಬಾರದು. ಅದರ ಸಂವೇದಕ ತೊಟ್ಟಿಯ ಮಾಡಿನಲ್ಲಿರದೆ ಮರಿಯ ಬೆನ್ನಿನ ಎತ್ತರದಲ್ಲಿರಬೇಕು.

ತಳದಿಂದ ಬಿಸಿ ಕೊಡುವುದು ಅಪಾಯಕರ. ನಿಸರ್ಗದಲ್ಲಿ ಆಮೆಗೆ ಬಿಸಿ ಬರುವುದು ಮೇಲಿನ ಸೂರ್ಯನಿಂದ. ಬಿಸಿ ಹೆಚ್ಚಾದಾಗ ಅದು ತಂಪನ್ನರಸಿ ಕೆಳಗೆ ತೋಡುತ್ತದೆ. ತಳವೇ ಕಾದಿದ್ದರೆ ತೋಡಿದಷ್ಟೂ ಸುಡುತ್ತದೆ. ಮೇಲಿನ ದೀಪವೂ ಬೆನ್ನಿಗೆ ತೀರ ಸಮೀಪವಿರಕೂಡದು. ಕೊಠಡಿಯ ಗಾಳಿ ತೇವವಾಗಿದ್ದರೂ ಪ್ರಖರ ದೀಪದ ನೇರ ಕಿರಣ ಚಿಪ್ಪಿನ ತುದಿಗಳನ್ನು ಒಣಗಿಸಿಬಿಡುತ್ತದೆ.

ಆರ್ದ್ರತೆ ಮರಿಗಳಿಗೆ ಶೇಕಡಾ ೭೦ರಿಂದ ೮೦ರಷ್ಟು ಇರುವುದು ಉತ್ತಮ. ಇದನ್ನು ಸಾಧಿಸಲು ತಾಸಿಗೊಮ್ಮೆ ನೀರು ಚಿಮುಕಿಸಿದರೆ ಸಾಲದು, ಅದು ಕ್ಷಣಕಾಲದ್ದು. ಬೊಗಸೆಯಾಳದಷ್ಟು ತೆಂಗಿನ ನಾರಿನ ಪುಡಿಯನ್ನೋ ಎಲೆಗೊಬ್ಬರ ಬೆರೆತ ಮಣ್ಣನ್ನೋ ಹಾಸಿ, ಮೂಲೆಗಳಲ್ಲಿ ನೀರೆರೆದರೆ ಕೆಳಗಿನ ಪದರ ತೇವವಾಗಿದ್ದು ಮೇಲಿನದು ಒಣಗಿರುತ್ತದೆ. ತಂಗಡಿಯ ಬುಡದಲ್ಲಿ ಬೆರಳಿಟ್ಟಾಗ ಕಂಡದ್ದು ಇದನ್ನೇ. ಮೇಲ್ಪದರ ಸದಾ ಕೆಸರಾಗಿದ್ದರೆ ಹೊಟ್ಟೆಯ ಚಿಪ್ಪು ಕೊಳೆಯುತ್ತದೆ. ಜೊತೆಗೆ ಒದ್ದೆ ಪಾಚಿ ತುಂಬಿದ ಒಂದು ಅಡಗುತಾಣ ಇರಬೇಕು. ವಾರಕ್ಕೆ ಹಲವು ಬಾರಿ, ತೀರ ಎಳೆಯ ಮರಿಗಾದರೆ ದಿನವೂ, ಬೆಚ್ಚಗಿನ ನೀರಿನಲ್ಲಿ ಹತ್ತು ಹದಿನೈದು ನಿಮಿಷ ನಿಲ್ಲಿಸಬೇಕು. ನೀರು ಚಿಪ್ಪಿನ ಕೆಳ ಅಂಚನ್ನು ಮುಟ್ಟಿದರೆ ಸಾಕು, ಮೂಗನ್ನು ಮುಟ್ಟಬಾರದು.

ಮುಖ್ಯವಾದ ಎಚ್ಚರಿಕೆಯೊಂದಿದೆ. ಪಸೆ ಬಿಸಿಯ ಸಂಗಡವಿದ್ದರೆ ಮಾತ್ರ ಹಿತ. ತಂಪು ಮತ್ತು ತೇವ ಕೂಡಿದರೆ ಮರಿಯ ಶ್ವಾಸಕೋಶಕ್ಕೆ ಸೋಂಕು ತಗಲುತ್ತದೆ. ಮೂಗಿನಲ್ಲಿ ಗುಳ್ಳೆ, ಬಾಯಿ ತೆರೆದು ಉಸಿರಾಟ, ಮೇವು ಬಿಡುವುದು ಇವು ಅದರ ಚಿಹ್ನೆಗಳು. ವಿದ್ಯುತ್ತು ಕೈಕೊಡುವ ರಾತ್ರಿ ಒದ್ದೆ ತೊಟ್ಟಿಯೇ ಶತ್ರುವಾದೀತು. ಬಿಸಿಯನ್ನು ಕಾಯ್ದುಕೊಳ್ಳಲಾಗದ ಕಡೆ ಪಸೆಯನ್ನು ಹೆಚ್ಚಿಸುವಂತಿಲ್ಲ.

ಅಳೆಯದೆ ಇದೆಲ್ಲ ಊಹೆಯಾಗಿಯೇ ಉಳಿಯುತ್ತದೆ. ಶಾಲೆಯ ಪ್ರಯೋಗಾಲಯದಲ್ಲಿರುವ ಎರಡು ಉಷ್ಣತಾಮಾಪಕಗಳೇ ಇದಕ್ಕೆ ಸಾಕು. ಒಂದರ ಬುರುಡೆಗೆ ಒದ್ದೆ ಬಟ್ಟೆ ಸುತ್ತಿದಾಗ, ಒಣ ಬುರುಡೆ ೩೦ ಡಿಗ್ರಿಯನ್ನೂ ಒದ್ದೆ ಬುರುಡೆ ೨೬ ಡಿಗ್ರಿಯನ್ನೂ ತೋರಿಸಿದರೆ ಆರ್ದ್ರತೆ ಶೇಕಡಾ ೭೩ರಷ್ಟು. ಒದ್ದೆಯದು ೨೦ಕ್ಕೆ ಇಳಿದಿದ್ದರೆ ಶೇಕಡಾ ೪೦ರಷ್ಟು ಮಾತ್ರ. ಅಂಗಡಿಯಲ್ಲಿ ಕೊಂಡ ಆರ್ದ್ರತಾಮಾಪಕವನ್ನು ಪರೀಕ್ಷಿಸಲು ಅಡುಗೆಯುಪ್ಪೇ ಸಾಕು. ಒಂದು ಬಟ್ಟಲಲ್ಲಿ ಉಪ್ಪನ್ನು ಸ್ವಲ್ಪ ನೀರಿನೊಡನೆ ಗಂಜಿಯಂತೆ ಕಲಸಿ, ಮಾಪಕದೊಡನೆ ಗಾಳಿಯಾಡದ ಡಬ್ಬಿಯಲ್ಲಿ ಒಂದು ಹಗಲು ಒಂದು ರಾತ್ರಿ ಇಟ್ಟರೆ ಅದು ಶೇಕಡಾ ೭೫ನ್ನು ತೋರಬೇಕು.

ಬಿಸಿ, ಪಸೆಗಳ ಜೊತೆಗೆ ಬೆಳಕೂ ಸೇರಬೇಕು. ಸೂರ್ಯನ ಅತಿನೇರಳೆ ಕಿರಣಗಳಿಲ್ಲದೆ ಆಮೆಯ ಮೈಯಲ್ಲಿ ‘ಡಿ’ ಜೀವಸತ್ವ ಹುಟ್ಟುವುದಿಲ್ಲ. ಅದಿಲ್ಲದೆ ಮೂಳೆಗೆ ಸುಣ್ಣ ಸೇರುವುದಿಲ್ಲ. ಕಿಟಕಿಯ ಗಾಜು ಆ ಕಿರಣಗಳನ್ನು ಬಹುಮಟ್ಟಿಗೆ ತಡೆಯುತ್ತದೆ. ಮನೆಯ ಸಾಧಾರಣ ದೀಪ ಅವನ್ನು ಕೊಡುವುದೇ ಇಲ್ಲ. ಮೇವು ಗರಿಕೆ, ದಾಸವಾಳದ ಎಲೆ, ಪಾಪಸುಕಳ್ಳಿಯಂಥ ನಾರುಳ್ಳ ಹಸಿರೇ ಆಗಬೇಕಲ್ಲದೆ ಅನ್ನ, ಹಾಲು ಆಗದು.

ಸಿಂಗಪುರದಿಂದ ಬಂದವರು

ಇಷ್ಟೆಲ್ಲ ಏರ್ಪಾಡು ಬೇಕಾಗುವ ಮರಿಗಳನ್ನು ಕಳ್ಳಸಾಗಣೆದಾರರು ಚೀಲಗಳಲ್ಲಿ ತುಂಬಿ, ಮೇವು ನೀರಿಲ್ಲದೆ ದಿನಗಟ್ಟಲೆ ಸಾಗಿಸುತ್ತಾರೆ. ಭಾರತದ ಒಂದೇ ಒಂದು ಸಂಗ್ರಹ ನೆಲೆಯಿಂದ ವರ್ಷವೊಂದರಲ್ಲಿ ಕನಿಷ್ಠ ೫೫,೦೦೦ ನಕ್ಷತ್ರ ಆಮೆಗಳು ಕಳವಾದುವೆಂದು ೨೦೧೫ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿತು. ೨೦೧೯ರಲ್ಲಿ ಈ ಜಾತಿಯನ್ನು ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ಒಂದನೆಯ ಅನುಬಂಧಕ್ಕೆ ಏರಿಸಲಾಯಿತು. ಕಾಡಿನಿಂದ ಹಿಡಿದ ಆಮೆಯ ವಾಣಿಜ್ಯ ವ್ಯಾಪಾರಕ್ಕೆ ಅಲ್ಲಿ ಅವಕಾಶವಿಲ್ಲ.

ಹಿಡಿದುಕೊಟ್ಟ ಆಮೆಯನ್ನು ತವರಿಗೆ ಮುಟ್ಟಿಸುವುದೂ ಸುಲಭವಲ್ಲ. ಸಿಂಗಪುರದಲ್ಲಿ ವಶಪಡಿಸಿಕೊಂಡು ಹಿಂದಕ್ಕೆ ಕಳುಹಿಸಿದ ನಕ್ಷತ್ರ ಆಮೆಗಳ ಮೂಲ ಯಾವುದೆಂದು ತಿಳಿಯಲು ಹೈದರಾಬಾದಿನ ಕೋಶ ಮತ್ತು ಅಣು ಜೀವಶಾಸ್ತ್ರ ಕೇಂದ್ರದ ವಿಜ್ಞಾನಿಗಳು ಅವುಗಳ ಆನುವಂಶಿಕ ದ್ರವ್ಯವನ್ನೇ ಪರೀಕ್ಷಿಸಬೇಕಾಯಿತು. ಆ ಅಧ್ಯಯನ ೨೦೦೬ರಲ್ಲಿ ಪ್ರಕಟವಾಯಿತು. ೨೦೧೮ರ ನವೆಂಬರಿನಲ್ಲಿ ಅದೇ ಸಿಂಗಪುರದಿಂದ ೫೧ ಆಮೆಗಳು ವಿಮಾನದಲ್ಲಿ ಕರ್ನಾಟಕಕ್ಕೆ ಮರಳಿದವು. ಹೊಲದ ಬದುವಿನಿಂದ ಒಂದು ಮರಿಯನ್ನು ಎತ್ತಲು ಅರೆನಿಮಿಷ ಸಾಕು. ಅದನ್ನು ಹಿಂದಿರುಗಿಸಲು ಎರಡು ದೇಶಗಳ ಅಧಿಕಾರಿಗಳೂ ವೈದ್ಯರೂ ವಿಜ್ಞಾನಿಗಳೂ ಬೇಕಾಗುತ್ತಾರೆ.

ನಮ್ಮ ಮನೆಗಳ ಕರ್ತವ್ಯ

ಆಮೆ ಮನೆಗೆ ಬಂದರೆ ಸಂಪತ್ತು ಎನ್ನುವವರೂ ಉಂಟು, ಕೇಡು ಎನ್ನುವವರೂ ಉಂಟು. ಎರಡು ನಂಬಿಕೆಗಳೂ ಮನೆಗೇನಾಗುವುದೆಂದು ಯೋಚಿಸುತ್ತವೆಯೇ ಹೊರತು ಆಮೆಗೇನಾಗುವುದೆಂದು ಯೋಚಿಸುವುದಿಲ್ಲ.

ಮಗು ಆಮೆಮರಿಯನ್ನು ತಂದರೆ ತಾಯಂದಿರು ಗದರಿಸುವುದು ಬೇಡ, ಕರುಣೆಯಿಂದಲೇ ತಂದಿರುತ್ತದೆ. ಎಲ್ಲಿ ಸಿಕ್ಕಿತೆಂದು ಕೇಳಿ, ಅಂದೇ, ಆ ಜಾಗಕ್ಕೇ ಕರೆದೊಯ್ದು, ಪೊದೆಯ ನೆರಳಿನಲ್ಲಿ ಬಿಟ್ಟು ಬರಲಿ. ಗಾಯಗೊಂಡಿದ್ದರೆ, ಬಹುದಿನ ಮನೆಯಲ್ಲಿದ್ದರೆ, ಅಥವಾ ಎಲ್ಲಿಯದೆಂದು ತಿಳಿಯದಿದ್ದರೆ ಕಂಡಲ್ಲಿ ಬಿಡಬಾರದು. ಬಂಧನದ ರೋಗ ಹೊಲದ ಆಮೆಗಳಿಗೆ ಹರಡಬಹುದು. ದೂರದ ಸೀಮೆಯ ತಳಿ ಇಲ್ಲಿಯದರೊಡನೆ ಬೆರೆಯಬಹುದು. ಅಂಥ ಮರಿಯನ್ನು ಅರಣ್ಯ ಇಲಾಖೆಯ ಕಚೇರಿಗೆ ಒಪ್ಪಿಸುವುದೇ ಸರಿಯಾದ ದಾರಿ. ಕೊಳ್ಳಲು ಬರುವ ಅಪರಿಚಿತರ ಸುಳಿವನ್ನೂ ಅಲ್ಲಿಗೇ ಮುಟ್ಟಿಸಬೇಕು.

ಬದುವಿನ ಪೊದೆಗಳಿಗೆ ಬೆಂಕಿಯಿಡುವ ಮುನ್ನ, ಮೇಲಾಗಿ ಮುಂಗಾರಿನ ತಿಂಗಳುಗಳಲ್ಲಿ, ಒಮ್ಮೆ ಬುಡವನ್ನು ನೋಡಿಕೊಳ್ಳುವುದು ರೈತರಿಗೆ ಹೊರೆಯಾಗಲಾರದು. ಯಾವ ಥರ್ಮೋಸ್ಟಾಟೂ ಇಲ್ಲದೆ ಬಿಸಿಯನ್ನೂ ಪಸೆಯನ್ನೂ ಹದವಾಗಿ ಬೆರೆಸಿಕೊಡುವ ಆಮೆಮರಿಯ ಮನೆ ಅದೇ.

ಮಕ್ಕಳ ಕುತೂಹಲವನ್ನು ಮಾತ್ರ ಅಳಿಸಬಾರದು. ಕಂಡ ದಿನ, ಹೊತ್ತು, ಮಳೆ ಬಂದಿತ್ತೇ ಇಲ್ಲವೇ, ಏನನ್ನು ಮೇಯುತ್ತಿತ್ತು, ಯಾವ ಗಿಡದ ಬುಡದಲ್ಲಿ ಅಡಗಿತು ಎಂಬುದನ್ನೆಲ್ಲ ಒಂದು ನೋಟುಪುಸ್ತಕದಲ್ಲಿ ಬರೆದಿಡಲು ಹೇಳೋಣ. ನೋಡು, ಬರೆದುಕೋ, ಅಲ್ಲಿಯೇ ಬಿಟ್ಟು ಬಾ. ಮುಂದಿನ ಮಳೆಗಾಲದಲ್ಲಿ ಅದೇ ಬದುವಿನ ಮೇಲೆ ಅದೇ ಮರಿ ಒಂದು ಬೆರಳಗಲ ಬೆಳೆದು, ನಯವಾದ ಬೆನ್ನು ಹೊತ್ತು ಮತ್ತೆ ಎದುರಾದರೂ ಆಗಬಹುದು.